ವರ್ಷಕ್ಕೊಂದು ಇಂಚು

"ತೋಳು ಎರಡು ಇಂಚು ಸಡಿಲ ಇಡಿ. ಮೂರು ತಿಂಗಳಲ್ಲಿ ತುಂಬ್ತೀನಿ," ಎಂದೆ.

ನನ್ನ ರೆಟ್ಟೆಗೆ ಟೇಪು ಸುತ್ತಿದ್ದ ಟೈಲರ್ ಹಾಗೇ ನಿಂತಳು. ಹನ್ನೊಂದು ಇಂಚು. ಅವಳ ಕಣ್ಣು ಟೇಪಿನಿಂದ ನನ್ನ ಮುಖಕ್ಕೆ ಬಂತು, ನಕ್ಕಿತು, ಮತ್ತೆ ಟೇಪಿಗಿಳಿಯಿತು.

"ಏನ್ರೀ ಗುಮಾಸ್ತರೇ, ಗಾಳಿ ಹೊಡೆಸ್ತೀರಾ?"

ಕೊರಿಯರ್ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕಡ್ಡಿಪೈಲ್ವಾನ್ ಅನ್ನುತ್ತಾರೆ. ಆ ಹೆಸರು ಕಳೆಯಲೆಂದೇ ಜಿಮ್ ಸೇರಿದ್ದೆ. ಅಲ್ಲಿ ನೋಡಿದರೆ ಈ ಟೈಲರ್ ನನ್ನ ತೂಕಕ್ಕಿಂತ ಹೆಚ್ಚು ಭಾರವನ್ನು ನೆಲದಿಂದ ಎತ್ತಿ ನಿಲ್ಲುತ್ತಿದ್ದಳು. ಶರ್ಟ್ ಬರೀ ನೆಪ. ಅವಳು ನನ್ನನ್ನು ಒಮ್ಮೆ ನಗದೆ ನೋಡಬೇಕಿತ್ತು.

"ರೆಟ್ಟೆಗೆ ಎಷ್ಟು ಸೆಟ್?"

"ದಿನಾ ಹತ್ತು. ವಾರಕ್ಕೆ ಅರವತ್ತು!"

"ಅದಕ್ಕೇ ಬೆಳೀತಿಲ್ಲ. ವಾರಕ್ಕೆ ಹನ್ನೆರಡು ಸಾಕು, ಆದರೆ ಪ್ರತಿ ಸೆಟ್ಟಿನ ಕೊನೆಗೆ ಜೀವ ಬಾಯಿಗೆ ಬರಬೇಕು. ಹೊಟ್ಟೆ ತುಂಬ ತಿನ್ನಿ, ಮಲಗಿ. ಇಂಜೆಕ್ಷನ್ ಇಲ್ಲದ ಮೈ ವರ್ಷಕ್ಕೆ ಒಂದು ಇಂಚು ಕೊಟ್ಟರೆ ಕೈ ಮುಗೀರಿ."

"ನೀವು ಹೊಲೀರಿ. ತುಂಬೋದು ನನ್ನ ಪಾಡು."

"ಸರಿ, ನಿಮ್ಮಿಷ್ಟ."

ತುಂಬುವವರೆಗೆ ತೊಡುವುದಿಲ್ಲ ಎಂದು ಶಪಥ ಮಾಡಿ, ಹೊಲಿದು ಬಂದ ಶರ್ಟನ್ನು ಪೆಟ್ಟಿಗೆಗೆ ಹಾಕಿದೆ.

ಮೂರು ತಿಂಗಳಾಯಿತು. ರೆಟ್ಟೆ ಒಂದು ನೂಲೂ ಏರಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು ಅವಳು ಹೇಳಿದ ದಾರಿಗೆ ಬಂದೆ. ವಾರದ ಹದಿಮೂರನೇ ಸೆಟ್ಟಿಗೆ ಕೈ ಹಾಕಿದರೆ ಜಿಮ್ಮಿನ ಆ ಮೂಲೆಯಿಂದ ಕೆಮ್ಮುತ್ತಿದ್ದಳು. ನಾನು ಡಂಬೆಲ್ ಕೆಳಗಿಟ್ಟರೆ ಬೇರೆಲ್ಲೋ ನೋಡುತ್ತಾ ತುಟಿ ಕಚ್ಚುತ್ತಿದ್ದಳು. 'ರೀ' ಯಾವಾಗ ಉದುರಿಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಇನ್ನೊಂದು ವರ್ಷದ ಮೇಲೆ ಪೆಟ್ಟಿಗೆ ತೆಗೆದು ಶರ್ಟ್ ತೊಟ್ಟೆ. ತೋಳು ಬಿಗಿಯಾಗಿತ್ತು! ಗುಂಡಿಯನ್ನೂ ಪೂರ್ತಿ ಹಾಕದೆ ಅಂಗಡಿಗೆ ಓಡಿದೆ.

"ನೋಡು! ತುಂಬಿದೆ! ಎರಡೂ ಇಂಚು!"

ಅವಳು ಟೇಪು ಸುತ್ತಿದಳು. "ಹನ್ನೆರಡು. ಒಂದೇ ಇಂಚು."

"ಮತ್ತೆ ಶರ್ಟ್?"

ತೋಳಿನ ಅಂಚನ್ನು ಮೇಲಕ್ಕೆ ಮಗುಚಿದಳು. ಹೊಲಿಗೆಯೊಳಗೆ ಒಂದು ಇಂಚಿನಷ್ಟು ಬಟ್ಟೆ ಮಡಿಸಿಟ್ಟಿತ್ತು.

"ಆವತ್ತಿನ ನಿನ್ನ ಅಳತೆಗೇ ಹೊಲಿದಿದ್ದೆ. ಬೆಳೆದಾಗ ಬಿಚ್ಚೋಣ ಅಂತ ಇಷ್ಟು ಬಿಟ್ಟಿದ್ದೆ."

"ನಾನು ಕೇಳಿದ್ದು ಎರಡು."

"ನಾನು ನಂಬಿದ್ದು ಒಂದು," ಎಂದಳು. ಈ ಸಲ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ಬರೀ ಬಾಯಿಮಾತಿನವರಿಗೆ ನಾನು ಅಷ್ಟೂ ಬಿಡಲ್ಲ."

ಒಂದು ಇಂಚು. ಕಳ್ಳತನದ್ದಲ್ಲ, ಗಾಳಿಯದ್ದಲ್ಲ. ನನ್ನದೇ. ಎದೆ ತಾನಾಗಿ ಉಬ್ಬಿತು.

"ಇನ್ನೊಂದು ಇಂಚಿಗೆ?"

"ಎರಡು ವರ್ಷ. ಮೊದಲನೇ ಇಂಚಿನಷ್ಟು ಬೇಗ ಬರಲ್ಲ, ಮೂರೂ ಆಗಬಹುದು."

"ಅಷ್ಟು ವರ್ಷ ಅಳತೆ ಯಾರು ತಗೊಳ್ತಾರೆ?"

"ಬೇರೆ ಟೈಲರ್ ಹತ್ತಿರ ಹೋಗಿ ನೋಡು, ಇರೋ ಹನ್ನೆರಡೂ ಮುರೀತೀನಿ."

ಅಷ್ಟು ಹೇಳಿ ಕತ್ತರಿ ತೆಗೆದುಕೊಂಡು ಹಳೆಯ ಹೊಲಿಗೆ ಬಿಚ್ಚತೊಡಗಿದಳು. ಶರ್ಟ್ ಕಳಚು ಎನ್ನಲಿಲ್ಲ. ಟೇಪನ್ನೂ ತೆಗೆಯಲಿಲ್ಲ.