ಬಾವಿಯಿಂದ ಪಂಪು ಎತ್ತಿದ ದಿನ

“ಅಪ್ಪಾ, ಜಾರ್ತಿದೆ! ಹಿಡ್ಕೋ!”

ಚೂಟಿ ಕಿರುಚಿದಳು. ಅಪ್ಪ ಬಾವಿಕಟ್ಟೆಗೆ ಮೊಣಕಾಲು ಕೊಟ್ಟು, ಪೈಪನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದ. ಪೈಪಿನ ತುದಿಗೆ, ನೀರೊಳಗೆ, ಪಂಪು ನೇತಾಡುತ್ತಿತ್ತು. ಒಬ್ಬರು ಪೈಪು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಅದು ಜಾರದಂತೆ ಕ್ಲಾಂಪ್ ಬಿಗಿಯಬೇಕು. ಎರಡನ್ನೂ ತಾನೇ ಮಾಡಲು ಹೋಗಿ ಅಪ್ಪನಿಗೆ ಬೆವರು ಕಿತ್ತುಕೊಂಡು ಬಂದಿತ್ತು.

“ಚಿಕ್ಕಪ್ಪನ್ನ ಕರೀಲಾ?”

“ಬಾಯ್ಮುಚ್ಚು!”

ಮನೆ ಪಾಲಾಗಿತ್ತು. ದೊಡ್ಡವರು ಹಂಚಿಕೊಂಡ ಚಂದ ನೋಡಿ: ಮನೆ, ಬಾವಿ ಚಿಕ್ಕಪ್ಪನಿಗೆ. ಪಂಪು ಅಪ್ಪ ತಂದದ್ದು, ಹಾಗಾಗಿ ಅಪ್ಪನಿಗೆ. ಬೆಳಗಾದರೆ ಚೂಟಿ, ಅಪ್ಪ, ಅಮ್ಮ ದೂರದ ಬಾಡಿಗೆ ಮನೆಗೆ. ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ದಿನವಾಗಿತ್ತು. ಒಮ್ಮೆ ಮಾತಾಡಿಬಿಟ್ಟರೆ ಈ ಹೋಗುವುದೆಲ್ಲ ನಿಂತೇ ಹೋಗುತ್ತದೆ ಎಂದು ಚೂಟಿಯ ಲೆಕ್ಕ.

ಅವಳು ಓಡಿದಳು. ಚಿಕ್ಕಪ್ಪ ಹಿತ್ತಿಲ ಬಾಗಿಲಲ್ಲಿ ಕೂತು ಹರಿದ ಚಪ್ಪಲಿ ಹೊಲಿಯುತ್ತಿದ್ದ.

“ಚಿಕ್ಕಪ್ಪಾ, ಪಂಪು ಬಾವಿಗೆ ಬೀಳತ್ತೆ!”

“ಬೀಳ್ಲಿ. ನಂಗೇನು?”

“ಅಪ್ಪನೂ ಬಿದ್ರೆ?”

ಚಿಕ್ಕಪ್ಪ ಚಪ್ಪಲಿ ಬಿಸಾಕಿ ಬರಿಗಾಲಲ್ಲೇ ಬಂದ. ಅಣ್ಣನ ಮುಖ ನೋಡಲಿಲ್ಲ.

“ಸ್ಪ್ಯಾನರ್ ಎಲ್ಲಿ?” ಎಂದು ಬಾವಿಯನ್ನು ಕೇಳಿದ.

“ಬಕೆಟ್ ಹತ್ರ,” ಎಂದು ಅಪ್ಪನೂ ಬಾವಿಗೇ ಹೇಳಿದ.

ಪ್ರತಿ ಬೇಸಿಗೆಯಲ್ಲೂ ಇಬ್ಬರೂ ಸೇರಿ ಪಂಪು ಎತ್ತಿ, ಕೆಸರು ತೊಳೆದು, ಮತ್ತೆ ಇಳಿಸುತ್ತಿದ್ದರು. ಅಭ್ಯಾಸವಾದ ಕೈಗಳು. ಒಬ್ಬ ಎತ್ತಿದರೆ ಇನ್ನೊಬ್ಬ ಬಿಗಿಯುತ್ತಿದ್ದ. ಒಂದೊಂದೇ ಪೈಪು ಬಿಚ್ಚಿಕೊಂಡು ಗೋಡೆಗೆ ಒರಗಿತು.

“ಹಾಂ... ಎತ್ತು!”

“ತಡಿಯೋ, ಉಸಿರು ತಗೋತೀನಿ.”

“ಉಸಿರಲ್ಲ, ಹೊಟ್ಟೆ ಅಡ್ಡ ಬರ್ತಿರೋದು. ಒಳಗೆ ಎಳ್ಕೋ!”

ಅಪ್ಪ ಫಕ್ಕನೆ ನಕ್ಕ. ಚೂಟಿಯ ಮನಸ್ಸು ಕುಣಿಯಿತು. ನಕ್ಕ! ಇನ್ನೇನು, ಆಯ್ತು!

ಪಂಪು ಮೇಲೆ ಬಂತು, ಮೈತುಂಬ ಕೆಸರು. ಚಿಕ್ಕಪ್ಪ ಬ್ರಷ್ ಹಿಡಿದು ಜಾಲರಿ ಉಜ್ಜಿ ತೊಳೆದ. ಜೇಬಿನಿಂದ ಬಿಳಿ ಟೇಪು ತೆಗೆದು ನೀರು ಸೋರದಂತೆ ಪಂಪಿನ ಬಾಯಿಯ ತಿರುಪಿಗೆ ಸುತ್ತತೊಡಗಿದ.

ಅರ್ಧದಲ್ಲಿ ಅವನ ಕೈ ನಿಂತಿತು. ಟೇಪು ಸುತ್ತುವುದು ಮತ್ತೆ ಪೈಪಿಗೆ ಜೋಡಿಸಿ ಬಾವಿಗೆ ಇಳಿಸುವಾಗ. ಈ ಸಲ ಇಳಿಸುವುದಿಲ್ಲ.

ಅಪ್ಪನೂ ಅದನ್ನೇ ನೋಡುತ್ತಿದ್ದ. ಚೂಟಿ ಹತ್ತಿರ ಸರಿದಳು. ಈಗ ಹೇಳ್ತಾನೆ, ವಾಪಸ್ ಇಳ್ಸೋಣ ಅಂತ. ಹೇಳು ಅಪ್ಪಾ.

“ಬಿಡೋ,” ಎಂದ ಅಪ್ಪ ಮೆಲ್ಲಗೆ. “ಅಲ್ಲಿ ನಾನೇ ಸುತ್ಕೋತೀನಿ.”

“ನೀನ್ ಸುತ್ತಿದ್ರೆ ಸೋರತ್ತೆ.”

ಚಿಕ್ಕಪ್ಪ ತಲೆ ಎತ್ತಲಿಲ್ಲ. ಒಂದು ಸುತ್ತು, ಹೆಬ್ಬೆರಳಿಂದ ಒತ್ತು. ಇನ್ನೊಂದು ಸುತ್ತು, ಮತ್ತೆ ಒತ್ತು. ಟೇಪು ಮುಗಿಯುವವರೆಗೂ ಸುತ್ತಿದ. ಅಪ್ಪ ಪಂಪು ಅಲುಗದಂತೆ ಹಿಡಿದುಕೊಂಡಿದ್ದ.

‘ಹೋಗ್ಬೇಡಿ ಅನ್ನು ಚಿಕ್ಕಪ್ಪಾ’ ಎಂಬ ಮಾತು ಚೂಟಿಯ ನಾಲಿಗೆ ತುದಿಯಲ್ಲಿತ್ತು. ಅವಳು ಆ ಹೆಬ್ಬೆರಳನ್ನೇ ನೋಡಿದಳು. ಮಾತನ್ನು ನುಂಗಿಕೊಂಡಳು.

ಟೇಪು ಕಿತ್ತುಹೋಗದಿರಲೆಂದು ಚಿಕ್ಕಪ್ಪ ಮೇಲೊಂದು ಹಳೇ ಬಟ್ಟೆ ಸುತ್ತಿ, ಕಟ್ಟಲು ಏನಾದರೂ ಸಿಕ್ಕೀತೇ ಎಂದು ಸುತ್ತ ಹುಡುಕಿದ. ಚೂಟಿ ಜಡೆಯ ರಿಬ್ಬನ್ ಬಿಚ್ಚಿ ಕೊಟ್ಟಳು.

“ಗಟ್ಟಿಯಾಗಿ ಕಟ್ಟು ಚಿಕ್ಕಪ್ಪಾ,” ಎಂದಳು. “ತುಂಬ ದೂರ ಹೋಗ್ಬೇಕು.”