ಮುಕ್ಕು ತೇಯ್ದ ಚಾಕು

ಈ ಕತೆಯನ್ನು ಮೊದಲು ಹೇಳಿದವಳು ಸಾಣೆಯವರ ಮನೆಯ ಹಿರಿಸೊಸೆ; ಹಳೆಯ ಪೇಟೆ ಬೆಂಕಿಗೆ ಆಹುತಿಯಾದ ವರ್ಷದ ಚಳಿಗಾಲದಲ್ಲಿ, ನೂಲು ಸುತ್ತುತ್ತ ಕುಳಿತ ಹೆಂಗಸರ ನಡುವೆ.

ಹಳೆಯ ಚಾಕುಗಳನ್ನು ಮಾರುವ ಮಾವನ ಅಂಗಡಿಗೆ ಮನೆಯಳಿಯನೊಬ್ಬ ಬಂದ. ಅಲಗಿಗೆ ಹತ್ತಿದ ಮುಪ್ಪಿನ ಕಪ್ಪನ್ನು ಉಜ್ಜಿದರೆ ಬೆಲೆ ಬೀಳುತ್ತದೆ, ಹಿಡಿ ಬದಲಾಯಿಸಿದರೆ ಇನ್ನೂ ಬೀಳುತ್ತದೆ, ಕತ್ತರಿಸುವ ಬಾಯಿ ಮುಕ್ಕಾಗಿದ್ದರಂತೂ ಸಂಗ್ರಹಕಾರರು ಮುಖ ತಿರುಗಿಸುತ್ತಾರೆ ಎಂಬುದನ್ನೆಲ್ಲ ಬೇಗನೆ ಕಲಿತ. ಕಲಿತದ್ದನ್ನು ಮಾವನಿಗೆ ತೋರಿಸುವ ಆತುರವೂ ಅವನಿಗಿತ್ತು. ಕಪಾಟಿನ ತಳದಲ್ಲಿ, ಎಣ್ಣೆಬಟ್ಟೆಯೊಳಗೆ, ಕೊಂಬಿನ ಹಿಡಿಯ ಚಾಕೊಂದು ಸಿಕ್ಕಿತು. ಎಲ್ಲಿಯೂ ಊನವಿಲ್ಲ, ಬಾಯಿಯ ನಡುವೆ ಮಾತ್ರ ಅಕ್ಕಿಕಾಳಿನಷ್ಟು ಮುಕ್ಕು.

“ಅದನ್ನ ಮಾತ್ರ ಸಾಣೆಗೆ ಹಿಡೀಬೇಡಿ ಅಳಿಯಂದಿರೇ,” ಎಂದ ಮಾವ. “ನಮ್ಮ ವಂಶ ಸವೆದುಹೋಗ್ಲಿ ಅಂತ ಯಾರೋ ಮಾಟ ಮಾಡಿಸಿದ ಚಾಕು. ಬಲ್ಲವರೊಬ್ರು ಕಲ್ಲಿಗೆ ಹೊಡೆದು ಅದರ ಹಲ್ಲು ಮುರಿದ್ರು. ಮಾರಿದ್ರೆ ಕೊಂಡೋರು ತೇಯ್ತಾರೆ, ಅದಕ್ಕೇ ಇಟ್ಕೊಂಡಿದೀನಿ.”

“ಹಲ್ಲು ಹೋದ್ರೆ ಕಟ್ಟಿಸೋದಪ್ಪ, ಇದಕ್ಯಾಕೆ ಹೆದರ್ತೀರಿ ಮಾವ?”

ಒಳಗಿನಿಂದ ಹೆಂಡತಿ ಕೂಗಿದಳು: “ಅಪ್ಪನ ಮಾತನ್ನ ಒಂದು ಸಲನಾದ್ರೂ ಕೇಳ್ರೀ!”

ಮಾವ ಪೇಟೆಗೆ ಹೋದದ್ದೇ ತಡ, ಅಳಿಯ ಆ ಚಾಕು ಹಿಡಿದು, ಸಾಣೆಯಿದ್ದ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಒಂದೇ ಕಿಂಡಿಯ ಆ ಕೋಣೆಯಲ್ಲಿ ಹಗಲಿಗೂ ಕತ್ತಲು. ಒದ್ದೆ ಕಲ್ಲಿನ, ಹಳಸಿದ ಎಣ್ಣೆಯ ವಾಸನೆ. ಮುಕ್ಕು ಕಾಣದಂತೆ ಮಾಡಲು ಅದರ ಆಳದವರೆಗೆ ಇಡೀ ಬಾಯಿಯನ್ನೇ ತೇಯಬೇಕು. ಸಾಣೆ ತಿರುಗಿತು. ಮುಕ್ಕು ಕಿರಿದಾಯಿತು. ಆದರೆ ಕಿಡಿ ಹಾರಲಿಲ್ಲ. ಕಾಯ್ದ ಉಕ್ಕಿನ ಘಾಟಿನ ಬದಲು ಸುಟ್ಟ ಉಗುರಿನ ಕಮಟು ಮೂಗಿಗೆ ಅಡರಿತು. ಕೆಳಗೆ ಬಿದ್ದ ಪುಡಿ ಬೆಳ್ಳಗಿತ್ತು. ಉಕ್ಕಿನ ಪುಡಿ ಬಾಚುವ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದ. ಒಂದು ಕಣವೂ ಅಂಟಲಿಲ್ಲ.

ಆದರೂ ನಿಲ್ಲಿಸಲಿಲ್ಲ. ಇನ್ನು ಕೂದಲೆಳೆಯಷ್ಟೇ ಉಳಿದಿತ್ತು.

“ರೀ...” ಅಡುಗೆಮನೆಯಿಂದ ಹೆಂಡತಿಯ ದನಿ. “ನನ್ನ ಉಗುರು ನೋಡ್ರೀ. ಉದುರ್ತಿಲ್ಲ... ಸವೀತಿದೆ.”

ಕೈ ತೆಗೆದ. ಸಾಣೆ ನಿಲ್ಲಲಿಲ್ಲ. ಚಾಕು ಕಲ್ಲನ್ನು ಬಿಡಲಿಲ್ಲ. ತಾನೇ ತೇಯ್ದುಕೊಳ್ಳುತ್ತಿತ್ತು. ಒಳಗೆ ಚೀತ್ಕಾರ. ಎರಡೂ ಕೈಯಿಂದ ಹಿಡಿದೆಳೆದ. ಅಂಗೈ ಸೀಳಿತು. ಮತ್ತೆ ಎಳೆದ. ಬಂತು. ಹೊಸ್ತಿಲ ಕಲ್ಲಿಗೆ ಬಡಿದ. ಮುಕ್ಕಾಗಲಿಲ್ಲ. ಬಡಿದ. ಮತ್ತೆ ಬಡಿದ. ಸವೆದು ತೆಳ್ಳಗಾದ ಅಲಗು ಖಣ್ಣೆಂದು ಎರಡಾಯಿತು.

ಸಾಣೆ ನಿಂತಿತು.

ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದ ಹೆಂಡತಿಯ ಕೈಗಳಲ್ಲಿ ರಕ್ತವಿರಲಿಲ್ಲ, ಗಾಯವಿರಲಿಲ್ಲ. ಉಗುರುಗಳಿರಲಿಲ್ಲ. ಬೆರಳ ತುದಿಗಳು ಗೆರೆಯೊಂದೂ ಇಲ್ಲದೆ ಹೊಳಪು ಕೊಟ್ಟ ಕೊಂಬಿನಂತೆ ನುಣುಪಾಗಿದ್ದವು.

“ಜೀವ ಉಳೀತಲ್ಲ,” ಎಂದು ಅವನು ಅಳುತ್ತ ಅವಳ ಮುಂದೆ ಕುಸಿದ. “ಉಳೀತಲ್ಲೇ.”

ಅವಳು ಎರಡೂ ಕೈಗಳಿಂದ ಅವನ ಮುಖ ಹಿಡಿದಳು. ಹಣೆ, ಕೆನ್ನೆ, ತುಟಿಯ ಮೇಲೆಲ್ಲ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು.

“ರೀ,” ಎಂದಳು ಮೆಲ್ಲನೆ, “ನಾನು ನಿಮ್ಮನ್ನ ಮುಟ್ಟಿದೀನಾ?”

ಹಿರಿಸೊಸೆ ಅಲ್ಲಿಗೇ ನಿಲ್ಲಿಸಿದಳು. ಹೆಂಗಸರು ಹೆಬ್ಬೆರಳಿನಿಂದ ತಮ್ಮ ತಮ್ಮ ಬೆರಳ ತುದಿಗಳನ್ನು ಸವರಿಕೊಳ್ಳುತ್ತ ಎದ್ದು, ಮನೆಗಳಿಗೆ ಹೊರಟುಹೋದರು.