ಎರಡು ನೂರು ಫೂಟಿನ ರೆಕ್ಕೆ

“ಒಂದ ಸಾಲಿನ್ಯಾಗ ಒಂಬತ್ತು ಮಂದಿ? ಸುಳ್ಳ! ಬರೇ ಸುಳ್ಳ!” ಗಾಳೇಶ ಬೆಂಚು ಗುದ್ದಿದ. “ಯಲಬುರ್ಗಾ ಬಸ್ಸಿನ್ಯಾಗ ಐದ ಮಂದಿ ಕುಂದರ್ತಾರ. ವಿಮಾನ ಬಸ್ಸಿಗಿಂತ ಅಗಲ ಇರ್ತೈತೇನ?”

“ಇಪ್ಪತ್ತು ಫೂಟ ಅಗಲ ಐತಿ. ನಮ್ಮ ದಾದಾ ಹಜ್‌ಗೆ ಹೋದಾಗ ಅದರಾಗ ಕುಂತು ಬಂದಾನ,” ಎಂದಳು ಜಾಸ್ಮೀನ.

“ನಿಮ್ಮ ದಾದಾ ಗೌಂಡಿ. ಗೋಡಿ ಕಟ್ಟಾಂವಗ ವಿಮಾನದ್ದೇನ ಗೊತ್ತು?”

“ಗೌಂಡಿ ಅದಾನಂತನ ಅಳತಿ ಗೊತ್ತು! ಐತವಾರ ಸಾಲಿ ಮೈದಾನದಾಗ ಆ ವಿಮಾನದ ಪಾಯಾ ಹಾಕಿ ತೋರಿಸ್ತೀನಿ ಅಂದಾನ. ಸುಣ್ಣದ ಗೆರಿ ಎಳದು, ಇದ್ದಷ್ಟ ಉದ್ದ, ಇದ್ದಷ್ಟ ಅಗಲ. ಬಂದು ನೋಡ ನೀನು!”

ಆಗ ರೇಣುಕಾದೇವಿ ಟೀಚರ್ ಬಾಗಿಲಿಗೆ ಬಂದರು. ಅವರ ಹಿಂದೆ ಜಾಸ್ಮೀನಳ ಚಿಕ್ಕಪ್ಪ, ರೆಹಮಾನ ಚಾಚಾ, ನಿಂತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು.

“ಪಾಟಿಚೀಲ ತಗೊಂಡು ಚಾಚಾನ ಜೋಡಿ ಮನಿಗೆ ಹೋಗವ್ವಾ,” ಎಂದರು ಟೀಚರ್ ಮೆಲ್ಲಗೆ. “ನಿಮ್ಮ ದಾದಾ…”

ಜಾಸ್ಮೀನಳ ಅಜ್ಜ ಮರ್ದಾನಸಾಬ ಆ ಬೆಳಿಗ್ಗೆ ಒಂದು ಹೊಸ ಮನೆಗೆ ಕಲ್ಲು ಕೂಡಿಸುತ್ತಿದ್ದವನು, ಕುಳಿತಲ್ಲಿಯೇ ಕಣ್ಣು ಮುಚ್ಚಿದ್ದ. ತಳಕಲ್ಲು ಊರಿನ ಅರ್ಧ ಮನೆಗಳಿಗೆ ಪಾಯ ಹಾಕಿದ ಕೈ ಅದು. ಸಂಜೆ ಊರಿನ ಗಂಡಸರೆಲ್ಲ ಮಣ್ಣು ಕೊಡಲು ಖಬರಸ್ತಾನಕ್ಕೆ ನಡೆದರು. ಅವರ ಪದ್ಧತಿಯಲ್ಲಿ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ಜಾಸ್ಮೀನ ಹೊಸ್ತಿಲಲ್ಲಿ ನಿಂತು, ದಾದಾನನ್ನು ಹೊತ್ತ ಜನಾಜಾ ಓಣಿಯ ತಿರುವು ದಾಟುವವರೆಗೆ ನೋಡಿದಳು. ಆಮೇಲೆ ಅವನನ್ನು ಅಲ್ಲಿ ಯಾವ ಜಾಗದಲ್ಲಿ ಮಲಗಿಸಿದರೋ ಅವಳಿಗೆ ತಿಳಿಯಲಿಲ್ಲ.

ಐತವಾರ ಬಂತು; ಶಾಲೆಗೆ ರಜೆ.

ದಾದಾನ ಕೆಲಸದ ಚೀಲದಲ್ಲಿ ಗೂಟಕ್ಕೆ ಸುತ್ತಿದ ನೂರು ಫೂಟಿನ ದಾರವಿತ್ತು. ಹತ್ತು ಫೂಟಿಗೊಂದು ಗಂಟು. ಒಂದು ಸಣ್ಣ ಪುಸ್ತಕವೂ ಇತ್ತು. ವಿಮಾನದಲ್ಲಿ ಪಕ್ಕದಲ್ಲಿ ಕುಳಿತವರನ್ನು ಕೇಳಿ ಕೇಳಿ ದಾದಾ ಅದರಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡಿದ್ದ: ಬೋಯಿಂಗ್ ೭೭೭. ಉದ್ದ ೨೦೯. ರೆಕ್ಕೆ ತುದಿಯಿಂದ ತುದಿಗೆ ೨೦೦. ಮೈ ಅಗಲ ೨೦. ಎಂಜಿನ್ ಬಾಯಿ ೧೦. ಬಾಲದ ಎತ್ತರ ೬೧, ನಮ್ಮ ಮಸೀದಿಗಿಂತ ಎತ್ತರ!

ಜಾಸ್ಮೀನ ಚೀಲ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಓಡಿದಳು. ಅಲ್ಲಿ ಗಾಳೇಶ ಆಗಲೇ ಸುಣ್ಣದ ಪುಡಿಯ ಚೀಲ ಹಿಡಿದು ನಿಂತಿದ್ದ.

“ಕಬಡ್ಡಿಗೆ ತಂದದ್ದು ಉಳದಿತ್ತು. ಟೀಚರ್ ಕೊಟ್ರು,” ಎಂದ, ನೆಲ ನೋಡುತ್ತ. “ತಪ್ಪಾತು ಅನ್ನಾಕ ಬಂದಿಲ್ಲ ಮತ್ತ. ಅಳದು ನೋಡಾಕ ಬಂದೀನಿ.”

“ಹಂಗಾರ ಗೂಟ ಹಿಡಿ!”

ಧ್ವಜಕಟ್ಟೆಯ ಹತ್ತಿರ ವಿಮಾನದ ಮೂತಿ ಶುರುವಾಯಿತು. ದಾರವನ್ನು ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು, ಮತ್ತೂ ಒಂಬತ್ತು ಫೂಟು ಉಳಿಯಿತು. ಬಾಲ ಬೋರಿಂಗ್ ಪಂಪಿನ ತನಕ ಹೋಯಿತು! ಓಣಿಯ ಮಕ್ಕಳೆಲ್ಲ ಕೂಗುತ್ತ ಬಂದರು. ಒಂಬತ್ತು ಮಂದಿಯನ್ನು ಅಡ್ಡ ಸಾಲಿನಲ್ಲಿ ಕೂರಿಸಿದರು: ಮೂವರು, ನಡುವೆ ದಾರಿ, ಮೂವರು, ಮತ್ತೆ ದಾರಿ, ಮೂವರು.

“ನಾ ಕಿಟಕಿಗೆ!” ಎಂದು ಓಣಿಯ ಹುಡುಗಿ ಹುಲಗೆಮ್ಮ ಸುಣ್ಣದ ಗೆರೆಗೆ ಒರಗಲು ಹೋಗಿ ಬಿದ್ದಳು. ಎಲ್ಲರೂ ನಕ್ಕರು. ಜಾಸ್ಮೀನಳೂ ನಕ್ಕಳು.

ಎಂಜಿನ್ನಿನ ದುಂಡು ಗೆರೆಯೊಳಗೆ ಗಾಳೇಶ ಮಲಗಿ ಕೈಗಳನ್ನು ತಲೆಯಾಚೆ ಚಾಚಿದ. ಆದರೂ ಆಚೆಯ ಗೆರೆ ಮುಟ್ಟಲಿಲ್ಲ.

“ಅಬಬಬಾ! ನನ್ನಂಥಾವ್ರು ಇಬ್ಬರು ಹಿಡಸ್ತಾರಲೇ! ಇಂಥವು ಎಷ್ಟ ಅದಾವ?”

“ಎರಡ. ಒಂದು ನಿಂತರೂ ಇನ್ನೊಂದು ನಮ್ಮನ್ನ ನೆಲಕ್ಕ ಮುಟ್ಟಿಸ್ತೈತಿ ಅಂತ ಹೇಳ್ಯಾನ ದಾದಾ.”

ಇನ್ನು ರೆಕ್ಕೆ. ಮೈಯ ನಡುವಿನಿಂದ ಆಚೆ ನೂರು, ಈಚೆ ನೂರು. ಬಲಗಡೆಯದು ಸರಿಯಾಗಿ ಬಂತು. ಎಡಗಡೆಗೆ ಹುಲಗೆಮ್ಮ ದಾರದ ಬುಡ ಹಿಡಿದಳು. ಅರವತ್ತು, ಎಪ್ಪತ್ತು, ಎಂಬತ್ತು… ಎಂಬತ್ತೈದಕ್ಕೆ ಕಳ್ಳಿಬೇಲಿ ಅಡ್ಡ ಬಂತು. ಬೇಲಿಯ ಆಚೆ ಖಬರಸ್ತಾನ.

“ಅಲ್ಲಿಗೇ ಸಾಕು. ಸ್ವಲ್ಪ ಸಣ್ಣದಾದ್ರ ಏನಾತು?” ಎಂದು ಕೂಗಿದಳು ಹುಲಗೆಮ್ಮ.

“ಬ್ಯಾಡ! ಪಾಯಾದಾಗ ಒಂದ ಗೇಣು ಕದ್ದರ ಇಡೀ ಮನಿ ಸುಳ್ಳಾಗತೈತಿ ಅಂತಿದ್ದ ದಾದಾ.” ಜಾಸ್ಮೀನ ದಾರ ಬಿಗಿದು ಹಿಡಿದಳು. “ಅವನ ವಿಮಾನ ಸುಳ್ಳಾಗಬಾರದು.”

ಗಾಳೇಶ ಚಪ್ಪಲಿ ಬಿಟ್ಟ. ದಾರದ ತುದಿ ಹಿಡಿದು ಬೇಲಿಯ ಕಿಂಡಿಯಲ್ಲಿ ನುಸುಳಿದ.

“ತೊಂಬತ್ತು…” ಅವನ ದನಿ ಆಚೆಯಿಂದ ಕೇಳಿಸಿತು. “ನೂರು!” ಆಮೇಲೆ ದಾರ ತುಸು ಸಡಿಲಾಯಿತು.

“ಯಾಕಲೇ? ಏನಾತು?”

“ಜಾಸ್ಮೀನ… ನಿಮ್ಮ ದಾದಾ ಇಲ್ಲೇ ಅದಾನ. ನನ್ನ ಕಾಲ ಹತ್ರ, ಬೇವಿನ ಗಿಡದ ಬುಡಕ. ಅವತ್ತ ನಮ್ಮಪ್ಪನ ಜೋಡಿ ಬಂದು ನಾನೂ ಒಂದ ಹಿಡಿ ಮಣ್ಣು ಹಾಕೇನಿ.” ಮತ್ತೆ ಕೇಳಿದ: “ಇಲ್ಲಿ ತನಕ ಗೆರಿ ಎಳೀಲೇನು?”

“ಬ್ಯಾಡ. ಅಲ್ಲಿ ಗೆರಿ ಬ್ಯಾಡ. ದಾರ ಹಿಡಕೊಂಡು ನಿಂದರು, ಅಷ್ಟ.”

ಅವಳು ಬೇಲಿಯ ಈಚೆ ದಾರಕ್ಕೆ ಬೆರಳು ಹಚ್ಚಿದಳು. ಗಾಳಿಗೆ ಅದು ಸಣ್ಣಗೆ ನಡುಗುತ್ತಿತ್ತು. ದಾದಾ ಎಲ್ಲಿದ್ದಾನೆ ಎಂಬುದು ಈಗ ಅಳತೆ ಸಮೇತ ಗೊತ್ತಾಗಿತ್ತು. ಇಲ್ಲಿಂದ ಹದಿನೈದು ಫೂಟು. ಅವನ ರೆಕ್ಕೆಯ ತುದಿಯಲ್ಲಿ.

ಅವಳು ತಲೆಗೆ ಓಢಣಿ ಹೊದ್ದು ಎರಡೂ ಅಂಗೈ ಮೇಲಕ್ಕೆ ಹಿಡಿದಳು. ಬೇಲಿಯ ಆಚೆ ಗಾಳೇಶ ದಾರ ಬಿಡದೆ ಕಣ್ಣು ಮುಚ್ಚಿದ.

“ಯಾ ಅಲ್ಲಾ, ನಮ್ಮ ದಾದಾನ ತಪ್ಪೆಲ್ಲ ಮಾಫ್ ಮಾಡು. ಅವನ ಖಬರಿನ್ಯಾಗ ಬೆಳಕು ಇಡು. ಭಾಳ ದುಡದಾನ, ಅವಗ ಶಾಂತಿ ಕೊಡು. ಆಮೀನ್.”